ಮಾಯಾ ರೈತನ ಅಡುಗೆಮನೆ ಊಹೆಯಲ್ಲ

*ಮಧ್ಯ ಅಮೆರಿಕದ ಮೂಲನಿವಾಸಿಗಳಾದ ಮಾಯಾ ಜನರಲ್ಲಿ 1400 ವರ್ಷ ಹಿಂದಿನ ರೈತರು ಏನು ಬೆಳೆದರು, ಏನು ಉಂಡರು ಎಂದು ಹೇಗೆ ಹೇಳುತ್ತೀರಿ? ಎಲ್ಲ ಊಹೆ ತಾನೆ?*

ಅಲ್ಲ. ಈ ಮಾತು ಮತ್ತೆ ಮತ್ತೆ ಬರುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಅಲ್ಲಿನ ಎಲ್ ಸಾಲ್ವಡಾರ್‌ನ ಹೊಯಾ ದೆ ಸೆರೆನ್ 7ನೇ ಶತಮಾನದ ಸುಮಾರಿಗೆ ಬೂದಿಯಲ್ಲಿ ಹೂತುಹೋದ ಮಾಯಾ ಹಳ್ಳಿ. ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಲೋಮಾ ಕಾಲ್ಡೆರಾ ಜ್ವಾಲಾಮುಖಿ ಸಿಡಿದು, ಹಲವು ಮೀಟರ್ ಬೂದಿ ಮೇಲೆ ಬಿತ್ತು. 1976ರಲ್ಲಿ ಧಾನ್ಯದ ಕಣಜ ಕಟ್ಟಲು ಬುಲ್ಡೋಜರ್ ನೆಲ ಕೆರೆದಾಗ ಮನೆ ಕಂಡಿತು. 1978ರಿಂದ ಪುರಾತತ್ವಜ್ಞ ಪೇಸನ್ ಶೀಟ್ಸ್ ತಂಡ ಅಗೆಯಿತು.

ಒದ್ದೆ ಬೂದಿ ಗಿಡಗಳ ಸುತ್ತ ಬಿಗಿಯಾಗಿ ಕೂತಿತ್ತು. ಗಿಡ ಕೊಳೆತರೂ ಅದರ ಆಕಾರದ ಪೊಳ್ಳು ಉಳಿಯಿತು. ಅಗೆಯುವಾಗ ಪೊಳ್ಳು ಸಿಕ್ಕರೆ ಕೈ ನಿಲ್ಲಿಸಿ, ಹಲ್ಲಿನ ವೈದ್ಯರ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬೂದಿ ಬಿಡಿಸುತ್ತಾರೆ. ತೆನೆ ಬಲಿತ ಮೇಲೆ ಒಣಗಲೆಂದು ದಂಟು ಮಡಚಿ ಹೊಲದಲ್ಲೇ ಬಿಟ್ಟ ಮೆಕ್ಕೆಜೋಳ ಹೀಗೆ ಸಿಕ್ಕಿತು. 2007ರಲ್ಲಿ ಮರಗೆಣಸಿನ ಹೊಲವೇ ಸಿಕ್ಕಿತು: ದಪ್ಪ ಏರುಮಡಿಗಳು, ಗೆಣಸು ಕಿತ್ತು ಮುಂದಿನ ಬೆಳೆಗೆ ಅಡ್ಡಲಾಗಿ ಊರಿದ ಕಡ್ಡಿಗಳು. ಮಾಯಾ ಜನ ಮರಗೆಣಸನ್ನು ಬೆಳೆಯಾಗಿ ಬೆಳೆದರೇ ಎಂದು ಅಲ್ಲಿಯವರೆಗೆ ವಾದ ನಡೆಯುತ್ತಿತ್ತು. ಮನೆಯೊಳಗೆ ಮಡಕೆಗಳಲ್ಲಿ ಬೀನ್ಸ್, ಮಾಡಿನಿಂದ ತೂಗುಬಿಟ್ಟ ಮೆಣಸಿನಕಾಯಿ. ನಮ್ಮಲ್ಲಿ ಸೂರಿಗೆ ಕುಡುಗೋಲು ಸಿಕ್ಕಿಸುವಂತೆ, ಮಕ್ಕಳ ಕೈಗೆ ಸಿಗದಂತೆ ಹುಲ್ಲಿನ ಮಾಡಿನಲ್ಲಿ ಇಟ್ಟ ಅಬ್ಸಿಡಿಯನ್ (ಜ್ವಾಲಾಮುಖಿಯ ಗಾಜುಕಲ್ಲು) ಅಲಗು. ಮಲಗುವ ಮನೆ, ಉಗ್ರಾಣ, ಅಡುಗೆಮನೆ ಬೇರೆಬೇರೆ. ಬಡವರೆಂದು ನೀವು ಕರೆಯುವವರ ಬದುಕು ಇದು!

ಬಲಿತ ಮೆಕ್ಕೆಜೋಳ ನೋಡಿ ಸ್ಫೋಟ ಆಗಸ್ಟ್ ಸುಮಾರಿನದು ಎನ್ನುತ್ತಾರೆ, ಒಪ್ಪುತ್ತೇನೆ. ತೊಳೆಯದ ಪಾತ್ರೆ ನೋಡಿ ಸಂಜೆಯ ಊಟದ ಹೊತ್ತು ಎನ್ನುವುದೂ ಸರಿಯಿರಬಹುದು. ನಿಮಿಷದ ಲೆಕ್ಕ ಹೇಳುವ ವಿಡಿಯೊಗಳನ್ನು ಮಾತ್ರ ನಂಬಬೇಡಿ.

*ಶವಗಳೆಷ್ಟು ಸಿಕ್ಕವು?*

ಅಗೆದ ಭಾಗದಲ್ಲಿ ಸ್ಫೋಟಕ್ಕೆ ಸಿಕ್ಕವರದು ಒಂದೂ ಇಲ್ಲ. ಕಟ್ಟಿಹಾಕಿದ್ದ ಬಾತುಕೋಳಿ ಸತ್ತಿದೆ.

*ಮಾಯಾ ಜನ ಹೇಗೆ ಅಳಿದರು? ಅನ್ಯಗ್ರಹದವರು...*

ಅಳಿದಿಲ್ಲ. ಗ್ವಾಟೆಮಾಲಾ, ಮೆಕ್ಸಿಕೊದಲ್ಲಿ ಲಕ್ಷಾಂತರ ಮಂದಿ ಇಂದೂ ಮಾಯಾ ಭಾಷೆಗಳನ್ನಾಡುತ್ತಾರೆ. ಅವರ ಪೂರ್ವಿಕರ ದುಡಿಮೆಯನ್ನು ಆಕಾಶಕ್ಕೆ ಬರೆದುಕೊಡಬೇಡಿ.

*‘ಮಾಯಾ ಉಗಿಸ್ನಾನ’ದಿಂದ ಸಕ್ಕರೆ ಕಾಯಿಲೆ ವಾಸಿಯಂತೆ. ಶಿಬಿರಕ್ಕೆ ಸೇರಲೇ?*

ಬೇಡ. ಸೆರೆನ್‌ನಲ್ಲಿ ಮಣ್ಣಿನ ಗುಮ್ಮಟದ ಉಗಿಮನೆ ಇರುವುದು ನಿಜ. ಅದನ್ನು ತೋರಿಸಿ ನಿಮ್ಮ ಕಾಯಿಲೆಗೆ ಮದ್ದು ಮಾರುವವನು ವಂಚಕ. ಮಾತ್ರೆ ನಿಲ್ಲಿಸಬೇಡಿ, ವೈದ್ಯರ ಹತ್ತಿರ ಹೋಗಿ.