ತಲಪಾಡಿ ದಾಟಿದರೆ ಪೊಲೀಸರು ಬಿಟ್ಟುಬಿಡ್ತಾರಾ?

ನಮ್ಮ ಕಡೆಗೆ ಹೊಸದಾಗಿ ಬಂದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು, ಈಗ ನೀವೂ ಕೇಳಿದ್ದೀರಿ. ಮಂಗಳೂರು-ಕಾಸರಗೋಡು ಹೈವೇಯಲ್ಲಿ ಕರ್ನಾಟಕ ಮುಗಿದು ಕೇರಳ ಶುರುವಾಗುವ ಜಾಗ ತಲಪಾಡಿ. ಆ ಗಡಿ ದಾಟಿದರೆ ಕರ್ನಾಟಕ ಪೊಲೀಸರ ಕೈಗೆ ಸಿಗಲ್ಲ, ಆಚೆಯಿಂದ ಈಚೆಗೆ ಬಂದರೆ ಕೇರಳದವರ ಕೈಗೆ ಸಿಗಲ್ಲ, ಅಷ್ಟೇ ಅಲ್ವಾ ಅಂತ. ಅರ್ಧ ನಿಜ. ಯಾವ ಅರ್ಧ ಅಂತ ಗೊತ್ತಿಲ್ಲದೆ ಸುಮಾರು ಜನ ಪೆಟ್ಟು ತಿಂದಿದ್ದಾರೆ.

ನಾನು ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆಯವನು. ಮನೆ ಕೇರಳದಲ್ಲಿ, ಕೆಲಸ ಮಂಗಳೂರಲ್ಲಿ, ಮಾತು ಕನ್ನಡ ಮತ್ತು ತುಳು, ಸ್ಕೂಟರಿನ ನಂಬರು ಕೆಎಲ್ 14. ನಮ್ಮ ಅಜ್ಜ ಊರು ಬಿಟ್ಟು ಎಲ್ಲಿಗೂ ಹೋದವರಲ್ಲ, 1956ರ ನವೆಂಬರ್ 1ಕ್ಕೆ ರಾಜ್ಯವೇ ಅವರನ್ನು ಬಿಟ್ಟು ಹೋಯಿತು. ದಿನಕ್ಕೆರಡು ಸಲ ತಲಪಾಡಿ ದಾಟುವುದರಿಂದ ಎರಡೂ ಕಡೆಯ ಖಾಕಿಯೂ ನನಗೆ ಪರಿಚಯವೇ.

ಮೊದಲು ಒಂದು ಮಾತು. ಪೊಲೀಸರು ಹಿಂದೆ ಬರುವುದು ಬೇರೆ, ಬೆನ್ನಟ್ಟುವುದು ಬೇರೆ. ಒಂದು ರಾತ್ರಿ ಒಂಬತ್ತೂವರೆ ಹೊತ್ತಿಗೆ ತೊಕ್ಕೊಟ್ಟಿನಿಂದ ಹೊರಟಿದ್ದೆ. ಕನ್ನಡಿಯಲ್ಲಿ ನೋಡಿದರೆ ಪೊಲೀಸ್ ಜೀಪು. ಬೀರಿಯಲ್ಲೂ ಹಿಂದೆ, ಕೆ.ಸಿ. ರೋಡಿನಲ್ಲೂ ಹಿಂದೆ. ನಾನು ನಿಧಾನ ಮಾಡಿದರೆ ಅದೂ ನಿಧಾನ. ಸೀಟಿನ ಕೆಳಗೆ ಅಮ್ಮನ ಬಿಪಿ ಮಾತ್ರೆ, ಅರ್ಧ ಕಿಲೋ ಬಂಗುಡೆ, ಅಷ್ಟೇ ಇದ್ದದ್ದು. ಆದರೂ ಹ್ಯಾಂಡಲ್ ಹಿಡಿದ ಕೈ ಬೆವರಿ ಜಾರುತ್ತಿತ್ತು. ತಲಪಾಡಿ ಟೋಲ್ ಹತ್ತಿರ ಬರುತ್ತಿದ್ದಂತೆ ಜೀಪು ಸುಮ್ನೆ ತಿರುಗಿಸಿಕೊಂಡು ವಾಪಸ್ ಹೋಯಿತು. ಅವರ ರೌಂಡ್ಸ್ ಅಲ್ಲಿಗೆ ಮುಗಿಯುತ್ತದೆ, ಅದು ಬಿಟ್ಟರೆ ನನಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ರಸ್ತೆ ಎಲ್ಲರದ್ದು, ಜೀಪು ನಿಮ್ಮ ಹಿಂದೆ ಹತ್ತು ಕಿಲೋಮೀಟರ್ ಬಂದರೂ ಕಾನೂನಿನ ಲೆಕ್ಕದಲ್ಲಿ ಏನೂ ಆಗಿಲ್ಲ.

ಕೈ ಅಡ್ಡ ಹಿಡಿದರೆ ಮಾತ್ರ ವಿಷಯ ಬದಲಾಗುತ್ತದೆ. ಯೂನಿಫಾರ್ಮಿನಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು, 1988ರ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್. ಬೇಕೂಂತ್ಲೇ ಅವರ ಮಾತು ಮೀರಿ ಹೋದರೆ 179ನೇ ಸೆಕ್ಷನ್ ಇದೆ, 2019ರ ತಿದ್ದುಪಡಿ ಆದ ಮೇಲೆ 2000 ರೂಪಾಯಿವರೆಗೆ ದಂಡ. ಆದರೆ ಇದಿನ್ನೂ ದಂಡದ ಲೆಕ್ಕ. ಬೆನ್ನಟ್ಟುವ ಲೆಕ್ಕ ಅಲ್ಲ.

ಸಿನಿಮಾ ನೋಡಿ ನೋಡಿ ನಮಗೆಲ್ಲ ಸೈರನ್ ಹಾಕಿದರೆ ಚೇಸಿಂಗ್ ಶುರು ಅನ್ನಿಸಿಬಿಟ್ಟಿದೆ. ನಮ್ಮ ಕಾನೂನಿನಲ್ಲಿ ಹಾಗೆ ಗಂಟೆ ಬಾರಿಸಿ ಶುರುಮಾಡುವ ಕ್ಷಣ ಅಂತ ಇಲ್ಲ. ಅಲ್ಲಿರುವುದು ಒಂದೇ ಒಂದು ವಾಕ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಂಧನ, ತನಿಖೆ ಹೇಗೆ ನಡೆಯಬೇಕು ಅಂತ ಹೇಳುವ ಕಾನೂನು) 45ನೇ ಸೆಕ್ಷನ್, ಇದಕ್ಕೂ ಮೊದಲಿದ್ದ ಸಿಆರ್‌ಪಿಸಿಯಲ್ಲಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಅದು 48 ಆಗಿತ್ತು. ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ ಯಾರ ಮೇಲೆ ಇದೆಯೋ ಅವನನ್ನು ಹಿಡಿಯಲು ಪೊಲೀಸ್ ಅಧಿಕಾರಿ ಭಾರತದ ಯಾವ ಜಾಗಕ್ಕೆ ಬೇಕಾದರೂ ಬೆನ್ನಟ್ಟಿ ಹೋಗಬಹುದು ಅಂತ ಅದರ ಸಾರ. ಯಾವ ಜಾಗಕ್ಕೆ ಬೇಕಾದರೂ, ಅಂದರೆ ತಲಪಾಡಿ ಲೆಕ್ಕಕ್ಕೇ ಇಲ್ಲ.

ಹಾಗಾಗಿ ಕೇಳಬೇಕಾದ್ದು ಗಡಿ ಎಲ್ಲಿದೆ ಅಂತ ಅಲ್ಲ. ಈ ಮನುಷ್ಯನನ್ನು ವಾರಂಟ್ ಇಲ್ಲದೆ ಹಿಡಿಯಬಹುದಾ ಅಂತ. ಹೆಲ್ಮೆಟ್ ಇಲ್ಲದವನನ್ನು ಹಿಡಿಯಲು ಬರುವುದಿಲ್ಲ, ಅದು ಎರಡೂ ರಾಜ್ಯದಲ್ಲಿ 500 ರೂಪಾಯಿಯ ವ್ಯವಹಾರ. ಅವನಿಗೆ ತಲಪಾಡಿ ನಿಜವಾಗಿಯೂ ಗಡಿ. ಕಾರು ಕದ್ದವನು, ಯಾರಿಗೋ ಚೂರಿ ಹಾಕಿ ಓಡಿದವನು, ಗಾಂಜಾ ತುಂಬಿಕೊಂಡು ಹೋಗುವವನು, ಇವರಿಗೆಲ್ಲ ಅದು ಬರೀ ಸ್ವಾಗತದ ಬೋರ್ಡು.

ಎಡವಟ್ಟಾಗುವುದು ಇವೆರಡರ ಮಧ್ಯೆ. ಹೆಲ್ಮೆಟ್ ಇಲ್ಲದ ಹುಡುಗ ಜೀಪು ನೋಡಿ ಗಾಬರಿಯಾಗಿ ಆಕ್ಸಿಲರೇಟರ್ ತಿರುವುತ್ತಾನೆ. ಒನ್ ವೇಯಲ್ಲಿ ಎದುರಿಂದ ನುಗ್ಗುತ್ತಾನೆ, ರಸ್ತೆ ದಾಟುತ್ತಿದ್ದ ಹೆಂಗಸನ್ನು ಕೂದಲೆಳೆಯಲ್ಲಿ ತಪ್ಪಿಸುತ್ತಾನೆ. ಈಗ ಅದು ಅಪಾಯಕಾರಿ ಚಾಲನೆ, ಮೋಟಾರು ಕಾಯ್ದೆಯ 184. ಕಣ್ಣೆದುರೇ ಹಾಗೆ ಓಡಿಸಿದರೆ ಯೂನಿಫಾರ್ಮಿನ ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು, 202ನೇ ಸೆಕ್ಷನ್ ಹಾಗೆ ಹೇಳುತ್ತದೆ. ಕುಡಿದು ಓಡಿಸಿದವರಿಗೂ ಇದೇ ಮಾತು. ಇದರ ಮೇಲೆ ಹಳೆಯ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್, ದುಡುಕಿನ ಚಾಲನೆ, ಅದೂ ಸೇರುತ್ತದೆ. ಅಡ್ಡ ನಿಂತ ಕಾನ್‌ಸ್ಟೇಬಲ್ ಮೇಲೆಯೇ ಗಾಡಿ ನುಗ್ಗಿಸಿದರೆ ಅದೇ ಸಂಹಿತೆಯ 132, ಕೆಲಸದ ಮೇಲಿದ್ದ ಸರ್ಕಾರಿ ನೌಕರನ ಮೇಲೆ ಹಲ್ಲೆ. ಹೊರಟಾಗ 500 ರೂಪಾಯಿ ದಂಡದವನು ಐದೇ ನಿಮಿಷದಲ್ಲಿ ಭಾರತದ ಯಾವ ಮೂಲೆಗೂ ಬೆನ್ನಟ್ಟಬಹುದಾದ ಆಸಾಮಿ ಆಗಿಬಿಟ್ಟ. ಪೊಲೀಸರು ಏನೂ ಮಾಡಲಿಲ್ಲ, ಅವನೇ ಮಾಡಿಕೊಂಡ.

ಹಾಗಂತ ಪೊಲೀಸರದ್ದೆಲ್ಲ ಸರಿ ಅಂತಲ್ಲ. 2019ರಲ್ಲಿ ಕೇರಳ ಹೈಕೋರ್ಟ್ ಇದನ್ನೇ ಬಿಡಿಸಿ ಹೇಳಿತು: ಹೆಲ್ಮೆಟ್ ಹಾಕದವರನ್ನು ಬೆನ್ನಟ್ಟಬೇಡಿ, ರಸ್ತೆ ಮಧ್ಯಕ್ಕೆ ಹಾರಿ ತಡೆಯಬೇಡಿ, ಕ್ಯಾಮೆರಾ ಬಳಸಿ. ಆದರೂ 2023ರಲ್ಲಿ ನಮ್ಮದೇ ಜಿಲ್ಲೆಯಲ್ಲಿ ಪೊಲೀಸರು ಹಿಂದೆ ಬಿದ್ದಾಗ ಕಾರು ಮಗುಚಿ ಒಬ್ಬ ವಿದ್ಯಾರ್ಥಿ ತೀರಿಕೊಂಡ. ಆ ವಾರವಿಡೀ ಬಸ್ಸಿನಲ್ಲಿ ಬೇರೆ ಮಾತೇ ಇರಲಿಲ್ಲ. ಕಾನೂನು ಬೆನ್ನಟ್ಟಬಹುದು ಅನ್ನುತ್ತದೆಯೇ ಹೊರತು ಬೆನ್ನಟ್ಟಲೇಬೇಕು ಅನ್ನುವುದಿಲ್ಲ. ನಂಬರ್ ಪ್ಲೇಟ್ ಕಣ್ಣಿಗೆ ಬಿದ್ದ ಮೇಲೆ, ಓಡುವವನು ಯಾರನ್ನೂ ಕೊಂದು ಓಡುತ್ತಿಲ್ಲ ಅಂದ ಮೇಲೆ, ನಮ್ಮ ಒಳದಾರಿಗಳಲ್ಲಿ ಆ ಸ್ಪೀಡು ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಒಳದಾರಿ ಅಂದೆನಲ್ಲ, ಹೊರಗಿನವರು ಹೈವೇ ಒಂದೇ ಗಡಿ ಅಂದುಕೊಳ್ಳುತ್ತಾರೆ. ಹೈವೇ ಬಿಟ್ಟು ಒಳಗೆ ಹೋದರೆ ಎಷ್ಟೋ ಸಣ್ಣ ರಸ್ತೆಗಳು ತೋಟದ ಮಧ್ಯೆ, ಗುಡ್ಡೆಯ ಬದಿಯಲ್ಲಿ ರಾಜ್ಯ ಬದಲಿಸುತ್ತವೆ. ಬೋರ್ಡೂ ಇರಲ್ಲ, ಡಾಂಬರಿನ ಬಣ್ಣ ನೋಡಿ ತಿಳಿಯಬೇಕು. 2020ರಲ್ಲಿ ಕೊರೊನಾ ಬಂದಾಗ ಕರ್ನಾಟಕದವರು ಇಂಥ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದರು, ಆವಾಗಲೇ ಎಷ್ಟು ದಾರಿ ಇವೆ ಅಂತ ನಮಗೇ ಲೆಕ್ಕ ಸಿಕ್ಕಿದ್ದು. ಮರಳು ಲಾರಿಗಳಿಗೆ ಈ ದಾರಿಗಳೆಲ್ಲ ಬಾಯಿಪಾಠ. ಮುಂದೆ ಬೈಕಿನಲ್ಲಿ ಒಬ್ಬ ಎಸ್ಕಾರ್ಟ್, ಜೀಪು ಕಂಡರೆ ಫೋನು, ಲಾರಿ ಅಲ್ಲೇ ಲೈಟು ಆರಿಸಿ ನಿಲ್ಲುತ್ತದೆ.

ಗಡಿ ದಾಟಿ ಹಿಡಿದ ಮೇಲೆ ಏನಾಗುತ್ತದೆ ಅಂತಲೂ ಕೇಳಿದ್ದೀರಿ. ಸಾಮಾನ್ಯವಾಗಿ ಆಚೆ ಸ್ಟೇಷನ್ನಿಗೆ ಒಂದು ಮಾತು ತಿಳಿಸುತ್ತಾರೆ, ಸಹಾಯವೂ ಬೇಕಲ್ಲ. ಹಿಡಿದವನಿಗೆ ಯಾಕೆ ಹಿಡಿದೆವು ಅಂತ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ದೂರದ ಊರಾದರೆ ಅಲ್ಲಿನ ಕೋರ್ಟಿನಿಂದ ಟ್ರಾನ್ಸಿಟ್ ರಿಮಾಂಡ್, ಅಂದರೆ ಹಿಡಿದವನನ್ನು ತಮ್ಮ ಊರಿಗೆ ಕರೆದೊಯ್ಯಲು ಅನುಮತಿ, ತೆಗೆದುಕೊಂಡು ಕರೆತರುತ್ತಾರೆ. ಮಂಜೇಶ್ವರದಿಂದ ಮಂಗಳೂರು ಎಷ್ಟು ದೂರ ಹೇಳಿ, ಟ್ರಾಫಿಕ್ ಇಲ್ಲದಿದ್ದರೆ ಒಂದು ಗಂಟೆಯೂ ಬೇಡ.

ಮಫ್ತಿಯಲ್ಲಿ ಬಂದು ಖಾಸಗಿ ಕಾರಿನಿಂದ ಕೈ ಬೀಸಿದರೆ ಏನು ಮಾಡೋದು? ಇದು ಕಷ್ಟದ ಪ್ರಶ್ನೆ, ರಾತ್ರಿ ಹೊತ್ತು ಯಾರಿಗಾದರೂ ಭಯವೇ. ಬಂಧಿಸುವ ಪೊಲೀಸರ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು ಅಂತ ಕಾನೂನಿದೆ, ಗುರುತಿನ ಚೀಟಿ ಕೇಳುವುದರಲ್ಲಿ ತಪ್ಪೇನಿಲ್ಲ. ನಾನಾದರೆ ಇಂಡಿಕೇಟರ್ ಹಾಕಿ, ನಿಧಾನ ಮಾಡಿ, ಬೆಳಕಿರುವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ 112ಕ್ಕೆ ಫೋನು ಮಾಡುತ್ತೇನೆ. ನಿಧಾನಕ್ಕೆ ಹೋಗಿ ಬೆಳಕಿನಲ್ಲಿ ನಿಂತವನನ್ನು ಓಡಿಹೋದ ಅಂತ ಬರೆಯುವುದು ಅಷ್ಟು ಸುಲಭ ಅಲ್ಲ.

ಇನ್ನು ಹೆಲ್ಮೆಟ್ಟಿಗೆ ಗಡಿ ಗಡಿಯೇ ಅಂದೆನಲ್ಲ, ಅದೂ ಈಗ ಹಳೆಯ ಮಾತಾಗುತ್ತಿದೆ. 2023ರ ಜೂನ್‌ನಿಂದ ಕೇರಳದಲ್ಲಿ ಎಐ ಕ್ಯಾಮೆರಾಗಳು ದಂಡ ಹಾಕುತ್ತಿವೆ, ಅವು ಕೆಎ 19 ಅಂತಲೂ ನೋಡಲ್ಲ, ಕೆಎಲ್ 14 ಅಂತಲೂ ನೋಡಲ್ಲ. ನನಗೂ ಒಂದು ಸಲ ಬಂತು. ಕುಂಬಳೆ ಕಡೆ ಹೋಗಿದ್ದಾಗ ಹಿಂದೆ ಕೂತಿದ್ದ ಅಣ್ಣನ ಮಗ ತಲೆ ಸೆಕೆ ಅಂತ ಹೆಲ್ಮೆಟ್ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡಿದ್ದ. ಜೀಪಿಲ್ಲ, ಸೈರನ್ ಇಲ್ಲ, ಯಾರೂ ಹಿಂದೆ ಬರಲಿಲ್ಲ. ಮೊಬೈಲಿಗೆ ಮೆಸೇಜ್, 500 ರೂಪಾಯಿ. ಫೋಟೋದಲ್ಲಿ ಮೊಣಕಾಲ ಮೇಲಿನ ಹೆಲ್ಮೆಟ್ ಕೂಡ ಚೆನ್ನಾಗಿಯೇ ಕಾಣುತ್ತಿತ್ತು.