ತಪ್ಪು ಒಪ್ಪಿಕೊಳ್ಳದ ಸಜಾಬಂದಿಗೆ ಸನ್ನಡತೆಯ ಬಿಡುಗಡೆ ಸಿಗುತ್ತದೆಯೇ?

ನೀವು ಎರಡು ವಿಷಯ ಕೇಳಿದ್ದೀರಿ. ನಿಮ್ಮ ದೊಡ್ಡಪ್ಪನ ಮಗ ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಗಿ ಶಿವಮೊಗ್ಗದ ಸೋಗಾನೆ ಜೈಲಿನಲ್ಲಿದ್ದಾರೆ, ಮೊದಲಿನಿಂದಲೂ 'ನಾನು ಮಾಡಿಲ್ಲ' ಎನ್ನುತ್ತಿದ್ದಾರೆ. ಸನ್ನಡತೆ ಆಧಾರದ ಬಿಡುಗಡೆಗೆ ಅರ್ಜಿ ಹಾಕುವಾಗ 'ತಪ್ಪಾಯಿತು' ಎಂದು ಬರೆದುಕೊಟ್ಟರೆ ಕೆಲಸ ಸಲೀಸು ಅಂತ ಯಾರೋ ಹೇಳಿದ್ದಾರೆ, ಬರೆದುಕೊಡಬೇಕೇ? ಇದು ಮೊದಲನೆಯದು. 'ಮಾಡಿದ್ದನ್ನು ಒಪ್ಪಿಕೊಳ್ಳದವನನ್ನು ಬಿಡಲೇಬಾರದು' ಎಂದು ತೀರ್ಥಹಳ್ಳಿ ಕಡೆ ನಿಮ್ಮೂರಿನಲ್ಲಿ ಮಾತು ಎದ್ದಿದೆ; ಅದು ಸರಿಯೇ? ಇದು ಎರಡನೆಯದು.

ಬರೆದುಕೊಡುವುದು ಬೇಡ. ಕಾನೂನು ಅದನ್ನು ಕೇಳುವುದೇ ಇಲ್ಲ. ಸನ್ನಡತೆಯ ಬಿಡುಗಡೆಗೆ, ಅಂದರೆ ಶಿಕ್ಷೆಯ ಮಾಫಿಗೆ, ಆಧಾರವಾಗಿರುವುದು ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 432ನೇ ಕಲಂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 473ನೇ ಕಲಂ. ಎರಡರಲ್ಲೂ ತಪ್ಪೊಪ್ಪಿಗೆಯ ಷರತ್ತಿಲ್ಲ. ಮಾಫಿ ಕೊಡುವಾಗ ಏನೇನು ನೋಡಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 2000ದಲ್ಲಿ ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಹೇಳಿದೆ: ಅಪರಾಧ ಇಡೀ ಸಮಾಜವನ್ನು ತಟ್ಟುವಂಥದೇ, ಮತ್ತೆ ಮಾಡುವ ಸಂಭವವಿದೆಯೇ, ಅಪರಾಧ ಮಾಡುವ ಶಕ್ತಿ ಉಡುಗಿದೆಯೇ, ಇನ್ನೂ ಒಳಗಿಟ್ಟರೆ ಏನಾದರೂ ಪ್ರಯೋಜನವಿದೆಯೇ, ಮನೆಯವರ ಸ್ಥಿತಿಗತಿ ಹೇಗಿದೆ. 'ಒಪ್ಪಿಕೊಂಡಿದ್ದಾನೆಯೇ' ಎಂಬ ಪ್ರಶ್ನೆ ಈ ಐದರಲ್ಲಿ ಇಲ್ಲ.

ಬರೆದುಕೊಟ್ಟರೆ ಕೆಡುಕೂ ಇದೆ. ಅಪೀಲು ಇನ್ನೂ ಬಾಕಿಯಿದ್ದರೆ, ಜೈಲು ಅಧೀಕ್ಷಕರ ಮುಂದೆ ಸಹಿ ಹಾಕಿದ 'ತಪ್ಪಾಯಿತು' ಪತ್ರ ಕಡತದಲ್ಲಿ ಉಳಿಯುತ್ತದೆ, ಮುಂದೆ ಪ್ರತಿ ಹೆಜ್ಜೆಗೂ ಎದುರಾಗುತ್ತದೆ. ಅವರು ಹೇಳುತ್ತಿರುವುದು ನಿಜವೇ ಆಗಿದ್ದರೆ, ಹೊರಬರುವ ಆಸೆಗೆ ಸುಳ್ಳು ಬರೆಸಿದಂತಾಯಿತು. ನಿಜವಲ್ಲದಿದ್ದರೆ, ಇನ್ಯಾರೋ ಬರೆದ ನಾಲ್ಕು ಸಾಲಿಗೆ ಸಹಿ ಹಾಕಿದ್ದನ್ನು ಪಶ್ಚಾತ್ತಾಪ ಎಂದು ಕರೆಯಲಾಗದು.

ಬಹಳ ಅರ್ಜಿಗಳು ಕೆಡುವುದು 'ನಾನು ನಿರಪರಾಧಿ' ಎಂಬ ವಾದವನ್ನೂ 'ನನ್ನನ್ನು ಬಿಡಿ' ಎಂಬ ಕೋರಿಕೆಯನ್ನೂ ಒಂದೇ ಕಾಗದದಲ್ಲಿ ಬೆರೆಸುವುದರಿಂದ. ಮಾಫಿ ಸಿಕ್ಕರೆ ಶಿಕ್ಷೆಯ ಅವಧಿ ಕಡಿಮೆಯಾಗುತ್ತದೆ, ಅಪರಾಧಿ ಎಂಬ ತೀರ್ಪು ಹಾಗೆಯೇ ಇರುತ್ತದೆ. ಅರ್ಜಿ ಪರಿಶೀಲಿಸುವ ಮಾಫಿ ಸಮಿತಿಯ ಮುಂದೆ ಸಾಕ್ಷಿ ಸುಳ್ಳು, ವೈದ್ಯಕೀಯ ವರದಿ ತಪ್ಪು ಎಂದು ಹತ್ತು ಪುಟ ಬರೆದರೆ, ಓದುವವರಿಗೆ ಕಾಣುವುದು ತೀರ್ಪಿಗೆ ತಲೆಬಾಗದ ಮನುಷ್ಯ ಮಾತ್ರ. ನಿರಪರಾಧದ ವಾದಕ್ಕೆ ಬೇರೆ ಬಾಗಿಲುಗಳಿವೆ. ಮೊದಲನೆಯದು ಹೈಕೋರ್ಟಿನ ಅಪೀಲು. ತೀರ್ಪಿನಿಂದ 60 ದಿನದ ಗಡುವು ಇದೆ, ತಡವಾದರೆ ಕಾರಣ ಕೊಟ್ಟು ವಿಳಂಬ ಮನ್ನಿಸಲು ಕೇಳಬಹುದು. ವಕೀಲರಿಗೆ ದುಡ್ಡಿಲ್ಲದಿದ್ದರೆ ಜೈಲಿನಿಂದಲೇ ಅಪೀಲು ಕಳಿಸಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿಯವರದು ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗುತ್ತದೆ. ಪಕ್ಕದ ಸಿದ್ದಾಪುರ, ಶಿರಸಿಯವರದು ಧಾರವಾಡಕ್ಕೆ. ಹೈಕೋರ್ಟಿನಲ್ಲೂ ಸೋತರೆ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ, 90 ದಿನದೊಳಗೆ. ಕೊನೆಯದು ಸಂವಿಧಾನದ 161ನೇ ವಿಧಿಯಡಿ ರಾಜ್ಯಪಾಲರಿಗೆ ಕ್ಷಮಾದಾನದ ಅರ್ಜಿ. ಕೇಹರ್ ಸಿಂಗ್ ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟ್, ಕ್ಷಮಾದಾನದ ಅಧಿಕಾರ ಇರುವವರು ಸಾಕ್ಷ್ಯವನ್ನು ತಾವೇ ನೋಡಿ ಕೋರ್ಟಿಗಿಂತ ಬೇರೆ ತೀರ್ಮಾನಕ್ಕೆ ಬರಬಹುದು ಎಂದಿತು. ಅದು ರಾಷ್ಟ್ರಪತಿಗಳ ಅಧಿಕಾರದ ಬಗ್ಗೆ ಹೇಳಿದ ಮಾತು, ರಾಜ್ಯಪಾಲರದೂ ಅದೇ ಬಗೆಯ ಅಧಿಕಾರ. 'ನಾನು ಮಾಡಿಲ್ಲ' ಎಂಬ ಹತ್ತು ಪುಟ ಅಲ್ಲಿಗೆ ಸಲ್ಲುತ್ತದೆ.

ಇದರ ಜೊತೆಗೆ ಯಾರೂ ಗಮನಿಸದ ಒಂದು ಸಾಲಿದೆ. ಸೆಷನ್ಸ್ ಕೋರ್ಟಿನ ತೀರ್ಪಿನ ಕೊನೆಯ ಪುಟ ತೆಗೆದು ನೋಡಿ. ಅಪೀಲಿನ ಅವಧಿ ಮುಗಿದ ಮೇಲೆ ಮುದ್ದೆಮಾಲು ನಾಶಪಡಿಸತಕ್ಕದ್ದು ಎಂಬ ಅರ್ಥದ ವಾಕ್ಯ ಸಾಮಾನ್ಯವಾಗಿ ಅಲ್ಲಿರುತ್ತದೆ. ಮುದ್ದೆಮಾಲು ಎಂದರೆ ಬಟ್ಟೆ, ರಕ್ತದ ಮಾದರಿ, ಸ್ವಾಬ್ (ಪರೀಕ್ಷೆಗೆಂದು ಹತ್ತಿಯಲ್ಲಿ ಒರೆಸಿ ತೆಗೆದ ಮಾದರಿ). ಡಿಎನ್‌ಎ ಪರೀಕ್ಷೆ ಆಗಿಲ್ಲ ಅಥವಾ ಸರಿಯಾಗಿ ಆಗಿಲ್ಲ ಎನ್ನುವುದೇ ನಿಮ್ಮ ವಾದವಾಗಿದ್ದರೆ, ಅವನ್ನು ಉಳಿಸಿಡಬೇಕೆಂದು ಕೋರ್ಟಿಗೆ ಇವತ್ತೇ ಅರ್ಜಿ ಹಾಕಿಸಿ. ಅಪೀಲಿನ ಹಂತದಲ್ಲಿ ಹೊಸ ಸಾಕ್ಷ್ಯ ಪಡೆಯಲು ಬಿಎನ್‌ಎಸ್‌ಎಸ್ 432ನೇ ಕಲಂ ಅವಕಾಶ ಕೊಡುತ್ತದೆ, ಆದರೆ ಸುಟ್ಟುಹೋದ ಬಟ್ಟೆಯನ್ನು ಯಾವ ಕಲಮೂ ತಂದುಕೊಡುವುದಿಲ್ಲ.

ಈಗ ಮಾಫಿಯ ಲೆಕ್ಕ. 'ಹದಿನಾಲ್ಕು ವರ್ಷ ಆದರೆ ಬಿಡುತ್ತಾರೆ' ಎನ್ನುವುದು ನಮ್ಮ ಕಡೆ ಎಲ್ಲರ ಬಾಯಲ್ಲಿರುವ ಮಾತು, ಆದರೆ ತಪ್ಪು. ಜೀವಾವಧಿ ಎಂದರೆ ಜೀವ ಇರುವವರೆಗೆ; 1961ರ ಗೋಪಾಲ ಗೋಡ್ಸೆ (ನಾಥೂರಾಮ್ ಗೋಡ್ಸೆಯ ತಮ್ಮ) ಪ್ರಕರಣದಿಂದಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳುತ್ತಿದೆ. ಮರಣದಂಡನೆಗೂ ಅವಕಾಶವಿದ್ದ ಅಪರಾಧಕ್ಕೆ ಜೀವಾವಧಿಯಾದರೆ, ಅಥವಾ ಮರಣದಂಡನೆ ಜೀವಾವಧಿಗೆ ಇಳಿದಿದ್ದರೆ, 14 ವರ್ಷ ಪೂರೈಸುವ ಮೊದಲು ಬಿಡಕೂಡದು ಎಂದು ಹಳೆಯ 433ಎ, ಈಗಿನ 475ನೇ ಕಲಂ ಹೇಳುತ್ತದೆ. ಅಂದರೆ 14 ಎನ್ನುವುದು ಕೆಳಗಿನ ಮಿತಿ. ಅದು ಹಕ್ಕು ಹುಟ್ಟುವ ದಿನವಲ್ಲ. ಹಳೆಯ ದಂಡ ಸಂಹಿತೆಯ (ಐಪಿಸಿ) 376(1)ರಡಿ ಸಾಮಾನ್ಯ ಅತ್ಯಾಚಾರಕ್ಕೆ ಆದ ಶಿಕ್ಷೆಗೆ ಈ ಕಲಂ ಅನ್ವಯಿಸದಿದ್ದರೂ ಸರ್ಕಾರದ ಮಾರ್ಗಸೂಚಿ ತನ್ನದೇ ಅವಧಿ ಇಡಬಹುದು, ಕೆಲವು ಅಪರಾಧಗಳನ್ನು ಪೂರ್ತಿ ಹೊರಗಿಡಬಹುದು. 2022ರಲ್ಲಿ ಸ್ವಾತಂತ್ರ್ಯದ ಅಮೃತ ಮಹೋತ್ಸವಕ್ಕೆಂದು ಕೇಂದ್ರ ಕೊಟ್ಟ ವಿಶೇಷ ಮಾಫಿಯ ಸೂಚನೆಯಲ್ಲಿ ಅತ್ಯಾಚಾರ ಮತ್ತು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಅಪರಾಧಿಗಳನ್ನು ಹೊರಗಿಟ್ಟಿದ್ದರು.

ಹಾಗಾಗಿ ಮೊದಲು ಶಿಕ್ಷೆಯ ಆದೇಶವನ್ನು ಅಕ್ಷರ ಅಕ್ಷರ ಓದಿ. ಕೃತ್ಯ ನಡೆದದ್ದು 2013ರ ಫೆಬ್ರವರಿ 3ಕ್ಕೆ ಮೊದಲೋ ನಂತರವೋ? ಆ ದಿನದಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಕೆಲವು ಬಗೆಯ ಅತ್ಯಾಚಾರಕ್ಕೆ ಜೀವಾವಧಿ ಎಂದರೆ 'ಆ ವ್ಯಕ್ತಿಯ ಸಹಜ ಜೀವಿತದ ಉಳಿದ ಅವಧಿ' ಎಂದೇ ಬರೆದಿದ್ದಾರೆ. ಆದೇಶದಲ್ಲಿ ಆ ಮಾತಿದ್ದರೆ ದಾರಿ ಬಹಳ ಕಿರಿದು. ಇಂತಿಷ್ಟು ವರ್ಷ ಮಾಫಿಯಿಲ್ಲದೆ ಎಂದು ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಹೇಳಿದ್ದರೂ ಹಾಗೆಯೇ. ನಮ್ಮ ರಾಜ್ಯದಿಂದಲೇ ಹೋದ ಶ್ರದ್ಧಾನಂದ ಪ್ರಕರಣದಲ್ಲಿ 2008ರಲ್ಲಿ ಶುರುವಾದ ಈ ಪದ್ಧತಿಯನ್ನು 2015ರಲ್ಲಿ ಸಂವಿಧಾನ ಪೀಠವೂ ಎತ್ತಿಹಿಡಿಯಿತು. ಆಗ ಉಳಿಯುವುದು 161ನೇ ವಿಧಿ.

ಆಮೇಲೆ ಜೈಲಿನಿಂದ ನಾಮಿನಲ್ ರೋಲ್, ಅಂದರೆ ಬಂದಿಯ ವಿವರಪಟ್ಟಿ, ಕೇಳಿ. ವಿಚಾರಣಾ ಬಂದಿಯಾಗಿ ಕಳೆದ ದಿನ, ಶಿಕ್ಷೆಯಾದ ಮೇಲಿನ ದಿನ, ಗಳಿಸಿದ ಮಾಫಿ (ಶಿಕ್ಷೆಯಲ್ಲಿ ಕಡಿತವಾದ ದಿನ), ಪೆರೋಲಿನ ಮೇಲೆ ಹೊರಗಿದ್ದ ದಿನ, ಜೈಲಿನಲ್ಲಿ ಬಿದ್ದ ದಂಡನೆ ಎಲ್ಲ ಅದರಲ್ಲಿರುತ್ತದೆ. ಮನೆಯವರು ಎಡವುವುದು ಪೆರೋಲಿನ ಲೆಕ್ಕದಲ್ಲಿ. ಬಂಧನದ ದಿನದಿಂದ ಕ್ಯಾಲೆಂಡರ್ ನೋಡಿ ಹದಿನಾಲ್ಕು ಆಯಿತು ಎನ್ನುತ್ತಾರೆ. ಗೋವಾದ ಪ್ರಕರಣವೊಂದರಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್, ನಿಜವಾಗಿ ಅನುಭವಿಸಿದ ಜೈಲುವಾಸ ಎಣಿಸುವಾಗ ಪೆರೋಲಿನ ದಿನಗಳನ್ನು ಕಳೆಯಬೇಕು ಎಂದಿದೆ. ಪೆರೋಲು ಮುಗಿದ ಮೇಲೆ ತಡವಾಗಿ ಮರಳಿದ್ದರೆ ಅದು ಸನ್ನಡತೆಗೇ ಕಪ್ಪುಚುಕ್ಕೆ. ದಂಡದ ಹಣ ಕಟ್ಟಿಲ್ಲದಿದ್ದರೆ ಕಟ್ಟಿ, ಇಲ್ಲದಿದ್ದರೆ ಅದಕ್ಕೆ ಬದಲಾದ ಶಿಕ್ಷೆ ಉಳಿದುಕೊಂಡಿರುತ್ತದೆ.

ಯಾವ ಸರ್ಕಾರ ತೀರ್ಮಾನಿಸಬೇಕು ಎಂಬುದನ್ನೂ ನೋಡಿಕೊಳ್ಳಿ. ಶಿಕ್ಷೆ ಕೊಟ್ಟ ಕೋರ್ಟು ಯಾವ ರಾಜ್ಯದಲ್ಲಿದೆಯೋ ಆ ಸರ್ಕಾರಕ್ಕೆ ಅಧಿಕಾರ. ಮಲೆನಾಡಿನಿಂದ ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದವನಿಗೆ ಅಲ್ಲಿನ ಕೋರ್ಟು ಶಿಕ್ಷೆ ಕೊಟ್ಟಿದ್ದರೆ, ಬೆಂಗಳೂರಿಗೆ ಬರೆದು ಪ್ರಯೋಜನವಿಲ್ಲ. 2002ರ ಗುಜರಾತ್ ಗಲಭೆಯಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದ ಬಿಲ್ಕಿಸ್ ಬಾನೊ ಅವರ ಪ್ರಕರಣದ 11 ಅಪರಾಧಿಗಳನ್ನು 2022ರ ಆಗಸ್ಟ್ 15ರಂದು ಗುಜರಾತ್ ಸರ್ಕಾರ ಬಿಟ್ಟದ್ದು ಬಿದ್ದುಹೋದದ್ದು ಇದೇ ಕಾರಣಕ್ಕೆ. ಶಿಕ್ಷೆ ಆದದ್ದು ಮಹಾರಾಷ್ಟ್ರದಲ್ಲಿ, ಗುಜರಾತಿಗೆ ಅಧಿಕಾರವೇ ಇರಲಿಲ್ಲ ಎಂದು 2024ರ ಜನವರಿ 8ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ ತೀರ್ಪು ಕೊಟ್ಟಿತು. ಹನ್ನೊಂದೂ ಜನ ಮತ್ತೆ ಜೈಲಿಗೆ ಹೋದರು.

ಅರ್ಜಿ ಹೋಗಬೇಕಾದದ್ದು ಜೈಲು ಅಧೀಕ್ಷಕರ ಮೂಲಕ. ಅರ್ಜಿಯ ನಡುವಿನ ಭಾಗ ಹೀಗಿದ್ದರೆ ಸಾಕು: 'ಆರೋಪದ ಬಗ್ಗೆ ನನ್ನ ನಿಲುವನ್ನು ವಿಚಾರಣೆಯಲ್ಲೂ ಅಪೀಲಿನಲ್ಲೂ ಹೇಳಿಕೊಂಡಿದ್ದೇನೆ. ಈ ಅರ್ಜಿಯಲ್ಲಿ ತೀರ್ಪನ್ನು ಪ್ರಶ್ನಿಸುತ್ತಿಲ್ಲ. ಬಿಡುಗಡೆಯಾದಲ್ಲಿ ಕೆಳಗೆ ಹೇಳಿದ ವಿಳಾಸದಲ್ಲಿ ವಾಸಿಸುತ್ತೇನೆ. ಸಂತ್ರಸ್ತೆಯನ್ನಾಗಲಿ ಅವರ ಮನೆಯವರನ್ನಾಗಲಿ ನೇರವಾಗಿಯೂ ಬೇರೆಯವರ ಮೂಲಕವೂ ಸಂಪರ್ಕಿಸುವುದಿಲ್ಲ.' ಇದರಲ್ಲಿ ಸುಳ್ಳೂ ಇಲ್ಲ, ಜಗಳವೂ ಇಲ್ಲ. ಜೊತೆಗೆ ಜೈಲಿನಲ್ಲಿ ಮಾಡಿದ ಕೆಲಸ, ಪಾಸಾದ ಪರೀಕ್ಷೆ, ಆರೋಗ್ಯದ ದಾಖಲೆ, ಹೊರಗೆ ಕೆಲಸ ಕೊಡುವವರ ಪತ್ರ ಇರಲಿ.

ವಿಳಾಸದ ವಿಷಯ ನಮ್ಮ ಕಡೆ ಬಹಳ ಮುಖ್ಯ. ಪೇಟೆಯಲ್ಲಾದರೆ ಬೇರೆ ಬಡಾವಣೆ ಎಂದರೆ ಮುಗಿಯಿತು. ಮಲೆನಾಡಿನ ಹಳ್ಳಿಯಲ್ಲಿ ಎರಡು ಮನೆಗೆ ಒಂದೇ ದಾರಿ, ತೋಟಕ್ಕೆ ಒಂದೇ ಕಾಲುಸಂಕ, ಬಸ್ಸು ಹತ್ತಲು ಒಂದೇ ನಿಲ್ದಾಣ. ಅದೇ ಮನೆಯ ವಿಳಾಸ ಕೊಟ್ಟರೆ 'ಶಾಂತಿಭಂಗದ ಸಂಭವವಿದೆ' ಎಂದು ಠಾಣೆಯಿಂದ ವರದಿ ಹೋಗುತ್ತದೆ, ಹಾಗೆ ಬರೆದದ್ದು ತಪ್ಪೆಂದೂ ಹೇಳಲಾಗದು. ಭದ್ರಾವತಿಯಲ್ಲೋ ಶಿಕಾರಿಪುರದಲ್ಲೋ ಅಕ್ಕನ ಮನೆಯಿದ್ದು ಅವರು ಇರಿಸಿಕೊಳ್ಳಲು ಸಿದ್ಧರಿದ್ದರೆ ಆ ವಿಳಾಸ ಕೊಡಿ, ಅವರಿಂದ ಲಿಖಿತ ಒಪ್ಪಿಗೆ ತನ್ನಿ. ಪೊಲೀಸರೂ ಪರಿವೀಕ್ಷಣಾಧಿಕಾರಿಯೂ (ಪ್ರೊಬೇಷನ್ ಅಧಿಕಾರಿ) ಅಲ್ಲಿಗೇ ವಿಚಾರಿಸಲು ಹೋಗುತ್ತಾರೆ.

ಕೈಮುಗಿದು ಕೇಳುತ್ತೇನೆ, ಒಂದು ಕೆಲಸ ಮಾತ್ರ ಮಾಡಬೇಡಿ. 'ನಮ್ಮ ಅಭ್ಯಂತರವಿಲ್ಲ' ಎಂಬ ಪತ್ರಕ್ಕಾಗಿ ಊರಿನ ಹಿರಿಯರನ್ನು ಮುಂದಿಟ್ಟುಕೊಂಡು ಆ ಹೆಣ್ಣುಮಗಳ ಮನೆ ಬಾಗಿಲಿಗೆ ಹೋಗಬೇಡಿ. ಒಳ್ಳೆಯ ಮನಸ್ಸಿನಿಂದ ಹೋದರೂ ಒಳಗೆ ಕೂತವರಿಗೆ ಅದು ಬೆದರಿಕೆಯೇ. ಅವರು ಠಾಣೆಗೆ ಒಂದು ದೂರು ಕೊಟ್ಟರೆ ಇಡೀ ಕಡತ ಅಲ್ಲಿಗೇ ನಿಂತಿತು. ವಾಟ್ಸಾಪ್ ಗುಂಪಿನಲ್ಲಿ ಆಕೆಯ ಹೆಸರು, ಮನೆತನ, ಗುರುತು ಹತ್ತುವ ಏನನ್ನೂ ಹಾಕಕೂಡದು. ಬಿಎನ್‌ಎಸ್ (ಈಗಿನ ದಂಡ ಸಂಹಿತೆಯಾದ ಭಾರತೀಯ ನ್ಯಾಯ ಸಂಹಿತೆ) 72ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು. ಆಕೆಯ ಪರವಾಗಿ ಮಾತಾಡುತ್ತಿರುವ ನಿಮ್ಮೂರಿನ ಜನಕ್ಕೂ ಇದು ಅನ್ವಯಿಸುತ್ತದೆ.

ಇನ್ನು ಆ ಜನರ ಮಾತು. ಅವರ ಸಿಟ್ಟು ನ್ಯಾಯವಾದದ್ದೇ. ಮಾಡಿದವರೂ 'ಮಾಡಿಲ್ಲ' ಎಂದೇ ಹೇಳುತ್ತಾರೆ. ನೊಂದವಳಿಗೆ ಆ ಮಾತು ವರ್ಷ ವರ್ಷವೂ 'ನೀನು ಸುಳ್ಳುಗಾರ್ತಿ' ಎಂದು ಹೇಳಿಸಿಕೊಂಡಂತೆ. ಹಾಗಿದ್ದೂ ತಪ್ಪೊಪ್ಪಿಗೆಯನ್ನು ಬಿಡುಗಡೆಯ ಬೀಗದಕೈ ಮಾಡಬಾರದು ಎಂದೇ ನನ್ನ ನಿಲುವು. ಇಂಗ್ಲೆಂಡಿನ ಆಂಡ್ರ್ಯೂ ಮಾಲ್ಕಿನ್‌ಸನ್ ಅವರಿಗೆ 2004ರಲ್ಲಿ ಅತ್ಯಾಚಾರಕ್ಕೆ ಜೀವಾವಧಿಯಾಯಿತು. ಕನಿಷ್ಠ ಅವಧಿ ಸುಮಾರು ಏಳು ವರ್ಷ. ಮಾಡಿಲ್ಲ ಎಂದೇ ಪಟ್ಟು ಹಿಡಿದದ್ದರಿಂದ 17 ವರ್ಷ ಒಳಗಿದ್ದರು. 2023ರ ಜುಲೈಯಲ್ಲಿ ಡಿಎನ್‌ಎ ಬೇರೊಬ್ಬನತ್ತ ಬೆರಳು ಮಾಡಿ ಶಿಕ್ಷೆ ರದ್ದಾಯಿತು. ಸುಳ್ಳು ಹೇಳಲು ಒಪ್ಪಿದ್ದರೆ ಹತ್ತು ವರ್ಷ ಮೊದಲೇ ಹೊರಗಿರುತ್ತಿದ್ದರೋ ಏನೋ.

ಅಪಾಯ ಅಳೆಯುವುದಕ್ಕೂ ಒಪ್ಪಿಗೆ ಒಳ್ಳೆಯ ಅಳತೆಗೋಲಲ್ಲ. ಕೆನಡಾದ ಹ್ಯಾನ್ಸನ್ ಮತ್ತು ಮಾರ್ಟನ್-ಬೋರ್ಗನ್ 2005ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಅಪರಾಧ ಅಲ್ಲಗಳೆಯುವುದಕ್ಕೂ ಮತ್ತೆ ಅಂಥದೇ ಅಪರಾಧ ಮಾಡುವುದಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ವಿಕೃತ ಲೈಂಗಿಕ ಆಸಕ್ತಿ, ಸಮಾಜಕ್ಕೆ ಎದುರು ನಡೆಯುವ ಸ್ವಭಾವ ಇವುಗಳೊಂದಿಗೆ ಸಂಬಂಧ ಇತ್ತು. ಇಂಗ್ಲೆಂಡ್ ಮತ್ತು ವೇಲ್ಸಿನ ಜೈಲುಗಳಲ್ಲಿ, ಸಾಮಾನ್ಯವಾಗಿ ಒಪ್ಪಿಕೊಂಡವರನ್ನೇ ಸೇರಿಸಿಕೊಳ್ಳುತ್ತಿದ್ದ ಚಿಕಿತ್ಸಾ ತರಗತಿಯೊಂದಿತ್ತು. 2017ರ ಮೌಲ್ಯಮಾಪನದಲ್ಲಿ ಅದನ್ನು ಮುಗಿಸಿದವರಲ್ಲಿ ಶೇ. 10, ಮಾಡದ ಅಂಥದೇ ಬಂದಿಗಳಲ್ಲಿ ಶೇ. 8 ಜನ ಮತ್ತೆ ಲೈಂಗಿಕ ಅಪರಾಧ ಮಾಡಿದ್ದು ಕಂಡು ಅದನ್ನು ನಿಲ್ಲಿಸಿದರು.

ಹಾಗೆಂದು 'ಅವನು ಇಷ್ಟು ವರ್ಷ ಮಾಡಿಲ್ಲ ಎನ್ನುತ್ತಿದ್ದಾನೆ, ನಿಜವೇ ಇರಬೇಕು' ಎಂದು ಬಿಡುಗಡೆ ಕೇಳುವುದೂ ಅಷ್ಟೇ ಪೊಳ್ಳು. ನಿಮ್ಮೂರಿನವರು ಕೇಳಬೇಕಾದ ಪ್ರಶ್ನೆ ಬೇರೆ: ಬಿಡುವ ಮೊದಲು ಆಕೆಗೆ ತಿಳಿಸಿದರೇ, ಆಕೆಯ ಮಾತು ಕೇಳಿದರೇ, ಎಷ್ಟು ದೂರ ಇರಬೇಕೆಂಬ ಷರತ್ತು ಹಾಕಿದರೇ? 473ನೇ ಕಲಂ ಸಂತ್ರಸ್ತೆಯನ್ನು ಕೇಳಲೇಬೇಕು ಎಂದು ಹೇಳುವುದಿಲ್ಲ, ಇದು ಕಾನೂನಿನ ದೊಡ್ಡ ಕೊರತೆ. ಬಿಲ್ಕಿಸ್ ಬಾನೊ ಅವರನ್ನು ಯಾರೂ ಕೇಳಿರಲಿಲ್ಲ. ಹೊರಬಂದವರಿಗೆ ಹಾರ ಹಾಕಿ ಸಿಹಿ ತಿನ್ನಿಸಿದ್ದನ್ನು ಇಡೀ ದೇಶ ನೋಡಿತು. ಆಕೆಯ ಮನೆಯವರು ಬಯಸಿದರೆ ಜೈಲು ಅಧೀಕ್ಷಕರಿಗೂ ಗೃಹ ಇಲಾಖೆಗೂ ತಮ್ಮ ಆಕ್ಷೇಪವನ್ನು ಈಗಲೇ ಬರೆದುಕೊಡಬಹುದು. ಅವರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ನಿಮಗೂ ಅದೇ ನಂಬರ್.

ನಿಮ್ಮ ಅರ್ಜಿಯ ಬಗ್ಗೆ ಸರ್ಕಾರ ಕೇಳುವ, ಶಿಕ್ಷೆ ಕೊಟ್ಟ ಕೋರ್ಟಿನ ನ್ಯಾಯಾಧೀಶರ ಅಭಿಪ್ರಾಯ ಬಂದಾಗ ಅದರ ಪ್ರತಿ ಪಡೆಯಿರಿ. 'ಅಪರಾಧ ಘೋರವಾದದ್ದು, ಬಿಡಬಾರದು' ಎಂಬ ಒಂದೇ ಸಾಲಿದ್ದರೆ ಸಾಲದು. ಕಾರಣ ಇರಬೇಕು ಎಂದು 2022ರಲ್ಲಿ ರಾಮ್ ಚಂದರ್ ಪ್ರಕರಣದಲ್ಲೂ, ಆ ಅಭಿಪ್ರಾಯವನ್ನೇ ಕಣ್ಣುಮುಚ್ಚಿ ಅನುಸರಿಸಬಾರದು ಎಂದು 2023ರಲ್ಲಿ ಬಿಹಾರದ ರಾಜೋ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ತಿರಸ್ಕಾರವಾದರೆ ಆದೇಶದಲ್ಲಿ ಚಿಕ್ಕದಾಗಿಯಾದರೂ ಕಾರಣ ಇರಬೇಕು, ಅದನ್ನು ಬಂದಿಗೆ ತಲುಪಿಸಬೇಕು ಎಂದು ಅದೇ ಕೋರ್ಟಿನ 2025ರ ಫೆಬ್ರವರಿಯ ನಿರ್ದೇಶನವೂ ಇದೆ. 'ತಪ್ಪು ಒಪ್ಪಿಕೊಂಡಿಲ್ಲ' ಎಂಬುದೊಂದೇ ಕಾರಣವಾಗಿ ಬರೆದಿದ್ದರೆ ಆ ಆದೇಶವನ್ನು ಹೈಕೋರ್ಟಿನಲ್ಲಿ ರಿಟ್ (ಸರ್ಕಾರದ ಆದೇಶವನ್ನು ಪ್ರಶ್ನಿಸುವ ಅರ್ಜಿ) ಹಾಕಿ ಪ್ರಶ್ನಿಸಿ, ವಾದಕ್ಕೆ ಗಟ್ಟಿ ನೆಲೆಯಿದೆ. ಕಾರಣ ವಿಳಾಸವೋ ಪೊಲೀಸ್ ವರದಿಯೋ ಆಗಿದ್ದರೆ ಮೊದಲು ಅದನ್ನು ಸರಿಪಡಿಸಿಕೊಂಡು ಹೊಸ ಅರ್ಜಿ ಕೊಡಿ.