ಕೊಚ್ಚಿಗೆ ಬರುವುದಾದರೆ ಮನೆಯನ್ನು ಅಮ್ಮನ ಲೆಕ್ಕದಲ್ಲಿ ಹುಡುಕಿ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಹಳ್ಳಿಯಿಂದ ಕೊಚ್ಚಿಗೆ ಸಂಸಾರ ಸಮೇತ ಹೋಗಬೇಕಾಗಿದೆ, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದಾರೆ, ಇಬ್ಬರು ಮಕ್ಕಳೂ ಕನ್ನಡ ಶಾಲೆಯಲ್ಲಿದ್ದಾರೆ, ಒಂದೇ ರಾಜ್ಯ ಅಲ್ವಾ, ಅಷ್ಟೇನು ಕಷ್ಟ ಆಗಬಹುದು ಎಂದು ಕೇಳಿದ್ದೀರಿ. ನಾನು ಬದಿಯಡ್ಕ ಕಡೆಯವನು. 2019ರಲ್ಲಿ ನಿಮ್ಮ ಹಾಗೆಯೇ ಎಲ್ಲರನ್ನೂ ಕಟ್ಟಿಕೊಂಡು ಬಂದೆ. ರಾಜ್ಯ ಒಂದೇ, ನಿಜ. ಆದರೆ ನಮ್ಮ ದಿನನಿತ್ಯದ ಬದುಕು ಮಂಗಳೂರಿನ ಕಡೆಗೆ ತಿರುಗಿರುವಂಥದ್ದು. ಆಸ್ಪತ್ರೆ, ಬಟ್ಟೆ, ಚಿನ್ನ, ಅಡಿಕೆ ಎಲ್ಲದಕ್ಕೂ ಅಲ್ಲಿಗೇ ಹೋಗಿ ಅಭ್ಯಾಸ. ಕಾಸರಗೋಡು ಪೇಟೆಯಿಂದ ಮಂಗಳೂರು ಸುಮಾರು 50 ಕಿ.ಮೀ., ಕೊಚ್ಚಿ 350 ಕಿ.ಮೀ.ಗಿಂತ ಜಾಸ್ತಿ. ಮನೆಯವರಿಗೆ ಇದು ಬೇರೆಯೇ ಊರು ಎಂದು ಮೊದಲೇ ಒಪ್ಪಿಕೊಂಡು ಹೊರಡಿ.

ನಾನು ಮಾಡಿದ ದೊಡ್ಡ ತಪ್ಪು ಮನೆಯದ್ದು. ನನ್ನ ಆಫೀಸು ಕಾಕ್ಕನಾಡಿನಲ್ಲಿ. ಅದಕ್ಕೆ ಹತ್ತಿರ ಇರಲಿ ಎಂದು ಅಲ್ಲೇ ಏಳನೇ ಮಹಡಿಯ ಫ್ಲ್ಯಾಟ್ ಹಿಡಿದೆ. ನಾನು ಎಂಟೂವರೆಗೆ ಹೊರಟರೆ ಬರುವಾಗ ಏಳು ಗಂಟೆ. ಊರಿನಲ್ಲಿ ಅಮ್ಮ ಬೆಳಗ್ಗೆ ಎದ್ದರೆ ಹಟ್ಟಿ, ಅಂಗಳ, ತೋಟ, ಪಕ್ಕದ ಮನೆಯ ಅತ್ತಿಗೆ ಎಂದು ಒಂದು ಕಡೆ ಕೂತವಳಲ್ಲ. ಮೂರನೇ ವಾರ ಒಂದು ಸಂಜೆ ಲಿಫ್ಟಿನ ಬಾಗಿಲು ತೆರೆದಾಗ ಅಮ್ಮ ಚಪ್ಪಲಿ ಹಾಕಿಕೊಂಡು ಎದುರಿಗೇ ನಿಂತಿದ್ದಳು. ಎಲ್ಲಿಗೆ ಹೊರಟೆ ಎಂದು ಕೇಳಿದೆ. "ಎಲ್ಲಿಗೂ ಇಲ್ಲ. ಇದು ತೆರೆದಾಗ ಯಾರಾದರೂ ಬರ್ತಾರಲ್ಲ, ನೋಡ್ತಾ ನಿಂತೆ" ಎಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕರಾರು ಹನ್ನೊಂದು ತಿಂಗಳದ್ದು. ಐದೇ ತಿಂಗಳಿಗೆ ಬಿಟ್ಟೆವು, ಮುಂಗಡದಲ್ಲಿ ಎರಡು ತಿಂಗಳ ಬಾಡಿಗೆ ಹೋಯಿತು. ತ್ರಿಪ್ಪುಣಿತ್ತುರದಲ್ಲಿ ಒಂದು ಹಳೆಯ ಮನೆ ಸಿಕ್ಕಿತು. ನೆಲಮಟ್ಟದ್ದು, ಸಣ್ಣ ಹಿತ್ತಿಲು, ಒಂದು ಬಾವಿ, ದೇವಸ್ಥಾನಕ್ಕೆ ನಡೆದು ಹೋಗುವಷ್ಟು ದೂರ. ನನಗೆ ಆಫೀಸು ದೂರವಾಯಿತು, ಆದರೆ ಮನೆ ಮನೆಯ ಹಾಗಾಯಿತು. ಅದಕ್ಕೇ ಹೇಳುತ್ತೇನೆ, ಹಗಲಿಡೀ ಮನೆಯಲ್ಲಿ ಇರುವವರು ಯಾರೋ ಅವರ ಲೆಕ್ಕದಲ್ಲಿ ಮನೆ ಹುಡುಕಿ. ನಿಮ್ಮ ಆಫೀಸಿನ ದೂರವನ್ನು ಆಮೇಲೆ ನೋಡಿ. ಮೆಟ್ರೊ 2024ರಿಂದ ತ್ರಿಪ್ಪುಣಿತ್ತುರದವರೆಗೂ ಬಂದಿದೆ, ಆಲುವ ಕಡೆಗಂತೂ 2017ರಿಂದಲೇ ಇದೆ. ಆ ದಾರಿಯಲ್ಲಿ ನೋಡಬಹುದು.

ಬಾವಿಯನ್ನು ಸುಮ್ನೆ ಹೇಳಲಿಲ್ಲ. ಊರಿನ ನಮ್ಮ ಮನೆಗೆ ನೀರು ಬರುವುದು ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ. ಪಂಪು ಬೇಡ, ತಾನಾಗಿ ಹರಿದು ಬರುತ್ತದೆ, ಬೇಸಿಗೆಯಲ್ಲೂ ತಣ್ಣಗೆ. ಕೊಚ್ಚಿಯ ನಲ್ಲಿ ನೀರು ಆಲುವದಲ್ಲಿ ಪೆರಿಯಾರ್ ಹೊಳೆಯಿಂದ ಎತ್ತಿ ಶುದ್ಧ ಮಾಡಿ ಬಿಡುವುದು. ಕುಡಿಯಲು ಏನೂ ತೊಂದರೆ ಇಲ್ಲ, ಆದರೆ ಕ್ಲೋರಿನ್ ವಾಸನೆ ಇರುತ್ತದೆ. ಅಮ್ಮ ಲೋಟವನ್ನು ಮೂಗಿನ ಹತ್ತಿರ ತಂದು ಹಾಗೆಯೇ ಕೆಳಗಿಡುತ್ತಿದ್ದಳು. ನೀರು ಕುಡಿಯುವುದೇ ಕಡಿಮೆಯಾಗಿ ಉರಿಮೂತ್ರ ಶುರುವಾಯಿತು. ಕೊನೆಗೆ ಡಾಕ್ಟರ ಹತ್ತಿರ ಹೋಗಬೇಕಾಯಿತು. ನಲ್ಲಿ ನೀರನ್ನೇ ಕೊಡಬೇಕಾದರೆ ಕುದಿಸಿ, ಜೀರಿಗೆ ಹಾಕಿ, ಆರಿಸಿ ಕೊಡಿ. ಕುಡಿಯುತ್ತಾರೆ.

ಭಾಷೆಯ ವಿಷಯ. ಮಲಯಾಳ ಮಾತು ನಮಗೆ ಅಷ್ಟಿಷ್ಟು ಬರುತ್ತದೆ, ಆದರೆ ಅದು ನಮ್ಮ ಕಡೆಯ ಮಲಯಾಳ, ಇಲ್ಲಿನವರದ್ದು ಬೇರೆ ಧಾಟಿ. ಹೆಚ್ಚಿನ ಕಷ್ಟ ಓದುವುದರಲ್ಲಿ. ಬಸ್ಸಿನ ಬೋರ್ಡು ಓದಲು ಬಾರದೆ ಅಪ್ಪ ಮೊದಮೊದಲು ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಕೇಳಿ ಹತ್ತುತ್ತಿದ್ದರು.

ಮಗಳು ನಾಲ್ಕನೇ ಕ್ಲಾಸು ಕನ್ನಡದಲ್ಲಿ ಮುಗಿಸಿ ಇಲ್ಲಿ ಐದನೆಯದಕ್ಕೆ ಸೇರಿದಳು. ಕೇರಳದಲ್ಲಿ ನಾಲ್ಕರವರೆಗೆ ಎಲ್‌ಪಿ (ಕಿರಿಯ ಪ್ರಾಥಮಿಕ), ಏಳರವರೆಗೆ ಯುಪಿ (ಹಿರಿಯ ಪ್ರಾಥಮಿಕ). ಹಾಗಾಗಿ ಐದು ಅಥವಾ ಎಂಟಕ್ಕೆ ತುಂಬಾ ಮಕ್ಕಳು ಹೊಸದಾಗಿ ಬರುತ್ತಾರೆ, ನಮ್ಮ ಮಗು ಒಂಟಿಯಾಗುವುದಿಲ್ಲ. ರಾತ್ರಿ ಅವಳು ಮಲಯಾಳ ಅಕ್ಷರ ಬರೆಯಲು ಕೂತಾಗ ಅಪ್ಪ ಹತ್ತಿರ ಬಂದು ನೋಡಿದರು. ಅವರಿಗೆ ಅಜ್ಜನ ತಾಳೆಗರಿಯ ತುಳು ಲಿಪಿ ಸ್ವಲ್ಪ ಓದಲು ಬರುತ್ತದೆ. "ಇದು ನಮ್ಮ ಅಕ್ಷರವೇ ಅಲ್ವಾ" ಎಂದು ಒಂದೊಂದಕ್ಕೇ ಬೆರಳಿಟ್ಟರು. ಎರಡೂ ಗ್ರಂಥ ಎಂಬ ಹಳೆಯ ಲಿಪಿಯಿಂದ ಬಂದವು, ಹೋಲುತ್ತವೆ. ಮೂರು ತಿಂಗಳಲ್ಲಿ ಅಜ್ಜ, ಮೊಮ್ಮಗಳು ಇಬ್ಬರೂ ಬೋರ್ಡು ಓದುವಷ್ಟು ಕಲಿತರು.

ಮಗ ಆಗ ಒಂಬತ್ತನೇ ಕ್ಲಾಸಿಗೆ ಬಂದಿದ್ದ. ಅವನನ್ನು ನಾನು ತರಲಿಲ್ಲ. ನೀರ್ಚಾಲಿನ ನನ್ನ ಅಕ್ಕನ ಮನೆಯಲ್ಲಿ ಇಟ್ಟೆ. ಅವನು ಎಸ್ಸೆಸ್ಸೆಲ್ಸಿ ಕನ್ನಡದಲ್ಲೇ ಮುಗಿಸಿ, ಪ್ಲಸ್ ವನ್‌ಗೆ, ಅಂದರೆ ಹನ್ನೊಂದನೇ ಕ್ಲಾಸಿಗೆ, ಇಲ್ಲಿಗೆ ಬಂದ. ಎರಡು ವರ್ಷ ಬಿಟ್ಟಿರುವುದು ಅವನ ಅಮ್ಮನಿಗೆ ತುಂಬಾ ಕಷ್ಟವಾಯಿತು. ಆದರೂ ಒಂಬತ್ತು, ಹತ್ತರ ಮಕ್ಕಳನ್ನು ಮಾಧ್ಯಮ ಬದಲಿಸಿ ಎಳೆದು ತರಬೇಡಿ ಎಂದೇ ಹೇಳುತ್ತೇನೆ.

ಇನ್ನೊಂದು ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶ ಇದೆಯಲ್ಲ, ಅದಕ್ಕೆ ನಮ್ಮ ಜಿಲ್ಲೆಯ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳಲ್ಲಿ ವಾಸವಿದ್ದು ಕನಿಷ್ಠ 7 ವರ್ಷ ಓದಿರಬೇಕು, ಕನ್ನಡ ಪರೀಕ್ಷೆಯನ್ನೂ ಬರೆಯಬೇಕು. ಕೊಚ್ಚಿಯಲ್ಲಿ ಓದಿದ ವರ್ಷಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಮುಂದೆ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿಸುವ ಆಸೆ ಇದ್ದರೆ ಸಿಇಟಿ ಮಾಹಿತಿ ಪುಸ್ತಿಕೆ ತೆಗೆದು, ಮಕ್ಕಳ ವರ್ಷಗಳನ್ನು ಎಣಿಸಿ ನಿರ್ಧರಿಸಿ.

ರೇಷನ್ ಕಾರ್ಡಿಗೆ ಹೆದರಬೇಡಿ, ಇದೇ ಕಾರ್ಡು ಇಲ್ಲಿನ ಅಂಗಡಿಯಲ್ಲೂ ನಡೆಯುತ್ತದೆ.

ಅಪ್ಪನನ್ನು ಮಾತ್ರ ಪೂರ್ತಿ ಕಿತ್ತು ತರಬೇಡಿ. ನಿಮಗೂ ತೋಟ ಉಂಟು ಎಂದು ಬರೆದಿದ್ದೀರಿ. ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯಬೇಕು, 40–45 ದಿನಕ್ಕೆ ಇನ್ನೊಮ್ಮೆ. ಅಡಿಕೆ ಕೊಯ್ಯಲು ಆಳು ಸಿಕ್ಕಿದ ದಿನ ಅಲ್ಲಿ ಯಜಮಾನ ಇರಬೇಕು. ಮೊದಲ ವರ್ಷ ನಾನು ತೋಟವನ್ನು ಬೇರೆಯವರಿಗೆ ಒಪ್ಪಿಸಿದೆ. ಮದ್ದು ತಡವಾಗಿ ಎಳೆಕಾಯಿ ಉದುರಿತು. ಸುದ್ದಿ ಕೇಳಿ ಅಪ್ಪ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಈಗ ಅವರು ತಿಂಗಳಲ್ಲಿ ಹದಿನೈದು ದಿನ ಅಲ್ಲಿ, ಹದಿನೈದು ದಿನ ಇಲ್ಲಿ. ಪರಶುರಾಮ್ ಹಗಲಿನ ರೈಲು, ಅವರಿಗೆ ಅದೇ ಇಷ್ಟ. ದಾರಿಯುದ್ದಕ್ಕೂ ಹೊಳೆಗಳನ್ನು ಎಣಿಸುತ್ತಾರೆ.

ಅಮ್ಮನಿಗೆ ದೇವಸ್ಥಾನದಲ್ಲಿ ಮಾತಿಗೆ ಜನ ಸಿಕ್ಕಿದರು. ತುಳುನಾಡಿನಿಂದ ಬಂದ ಅರ್ಚಕರು ಕೇರಳದಲ್ಲಿ ತುಂಬಾ ಕಡೆ ಇದ್ದಾರೆ, ಇಲ್ಲಿನವರು ಎಂಬ್ರಾಂದಿರಿ ಎನ್ನುತ್ತಾರೆ. ಅಂಥ ಒಂದು ಮನೆಯವರು ಕುಂಬಳೆ ಕಡೆಯವರೇ. ಅವರ ಮನೆಯ ಅತ್ತೆಯೂ ನಮ್ಮ ಅಮ್ಮನೂ ಈಗ ಸಂಜೆ ಒಟ್ಟಿಗೇ ಹೋಗುತ್ತಾರೆ. ನೀವೂ ಬಂದ ಮೊದಲ ವಾರವೇ ಹತ್ತಿರದ ದೇವಸ್ಥಾನದಲ್ಲಿ ವಿಚಾರಿಸಿ.

ಜೂನ್‌ಗೆ ಶಾಲೆ ಶುರು. ಹಾಗಾಗಿ ಏಪ್ರಿಲ್‌ನಲ್ಲೇ ಒಮ್ಮೆ ಅಮ್ಮನನ್ನು ಕರೆದುಕೊಂಡು ಬಂದು ಎರಡು ಮೂರು ಮನೆ ತೋರಿಸಿ, ಅವರು ಹೂಂ ಎಂದದ್ದನ್ನೇ ಹಿಡಿಯಿರಿ. ಸಾಮಾನು ಕಟ್ಟುವಾಗ ಒಂದು ಮುಡಿ ಕುಚ್ಚಲಕ್ಕಿ ಇರಲಿ, ಇಲ್ಲಿನ ಮಟ್ಟ ಎಂಬ ಕೆಂಪಕ್ಕಿಗೆ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕು. ಬಸಳೆಯ ನಾಲ್ಕು ತುಂಡು ಬಳ್ಳಿಯನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ನಮ್ಮ ಹಿತ್ತಿಲಿನದ್ದು ಹಾಗೆ ಬಂದದ್ದೇ.